ಉಪಚಾರ ಹೆಚ್ಚಾದ ಗಿಡ

ಮನೆಗೆ ಬಂದ ನೆಂಟರ ಕಣ್ಣಿಗೆ ಏನು ಬೀಳುತ್ತದೆ, ಏನು ಬೀಳುವುದಿಲ್ಲ ಎನ್ನುವುದಕ್ಕೆ ಒಂದು ವಿಚಿತ್ರ ಲೆಕ್ಕವಿದೆ. ಸಾಲ ಮಾಡಿ ಬಳಿಸಿದ ಹೊಸ ಬಣ್ಣ ಅವರಿಗೆ ಕಾಣುವುದಿಲ್ಲ. ಸೋಫಾಕ್ಕೆ ಹಾಕಿದ ಹೊಸ ಕವರು ಕಾಣುವುದಿಲ್ಲ. ಟಿವಿ ಪಕ್ಕದ ಮೂಲೆಯಲ್ಲಿ ತಲೆ ತಗ್ಗಿಸಿ ನಿಂತ ಗಿಡ ಮಾತ್ರ ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ಕಂಡುಬಿಡುತ್ತದೆ. "ಅಯ್ಯೋ, ನೀರು ಹಾಕಿಲ್ವೇನೇ?" ಎಂಬ ಪ್ರಶ್ನೆ ಕಾಫಿಗಿಂತ ಮೊದಲೇ ಬರುತ್ತದೆ. ಕೇಳುವ ಧಾಟಿ ಪ್ರಶ್ನೆಯದು, ಒಳಗಿರುವುದು ತೀರ್ಪು. ಗಿಡಕ್ಕೇ ನೀರು ಹಾಕದವಳು ಅತ್ತೆಗೆ ಹೊತ್ತಿಗೆ ಸರಿಯಾಗಿ ಊಟ ಹಾಕುತ್ತಾಳೋ ಇಲ್ಲವೋ ಎಂಬ ಅನುಮಾನವೂ ಅದರಲ್ಲಿ ಸೇರಿರುತ್ತದೆ. ಎಲೆ ನೆಟ್ಟಗಿದ್ದ ದಿನ ಯಾರೂ "ಎಷ್ಟು ಚೆನ್ನಾಗಿ ನೋಡ್ಕೊಂಡಿದೀಯ" ಅಂದದ್ದು ನನಗೆ ನೆನಪಿಲ್ಲ.

ಗಿಡದ ವೈದ್ಯ ಗೊತ್ತಿಲ್ಲದವರು ನಮ್ಮಲ್ಲಿ ಯಾರೂ ಇಲ್ಲ. ಮನುಷ್ಯರ ಕಾಯಿಲೆಗೆ ಮದ್ದು ಹೇಳಲು ಸ್ವಲ್ಪ ಹಿಂದೆಮುಂದೆ ನೋಡುವವರೂ ಗಿಡದ ವಿಷಯದಲ್ಲಿ ನೋಡುವುದಿಲ್ಲ. ರೋಗಿ ತಿರುಗಿ ಬಂದು ದೂರುವ ಭಯವಿಲ್ಲವಲ್ಲ! ನಮ್ಮ ಪೀಸ್ ಲಿಲಿ ಒಂದು ಬೇಸಿಗೆಯಲ್ಲಿ ಎಲೆ ಜೋಲಿಸಿಕೊಂಡು ನಿಂತಾಗ ಚಿಕ್ಕಮ್ಮ, "ಅಕ್ಕಿ ತೊಳೆದ ನೀರು ಮೋರಿಗೆ ಚೆಲ್ಲಬೇಡ ಕಣೆ, ಅದಕ್ಕೆ ಹುಯ್ಯಿ" ಅಂದರು. ಮೇಲಿನ ಮಹಡಿಯ ನಿವೃತ್ತ ಮೇಷ್ಟ್ರು ಹುಳಿ ಮಜ್ಜಿಗೆಯ ಪಕ್ಷ. ಬೆಳಗಿನ ವಾಕಿಂಗಿನ ಗೆಳತಿ ಕಾಫಿ ಚರಟದ ಪಕ್ಷ. ಮೊಟ್ಟೆ ಚಿಪ್ಪು ಪುಡಿ ಮಾಡಿ ಹಾಕಿ ಎಂದವರೂ ಇದ್ದರು, ನಮ್ಮದು ಮೊಟ್ಟೆ ತರದ ಮನೆ ಎಂದು ಗೊತ್ತಿದ್ದೂ. ಕೆಲಸಕ್ಕೆ ಬರುವ ಅಕ್ಕನ ರೋಗನಿದಾನ ಎಲ್ಲರಿಗಿಂತ ಚುಟುಕು: "ದೃಷ್ಟಿ ಆಗೈತೆ ಬುಡಿ ಅಮ್ಮಾ." ಇಷ್ಟೂ ಮದ್ದುಗಳಲ್ಲಿ ಒಂದು ಸಮಾನ ಅಂಶವಿದೆ. ದೃಷ್ಟಿಯೊಂದನ್ನು ಬಿಟ್ಟರೆ ಎಲ್ಲವೂ ಕುಂಡಕ್ಕೆ ಏನನ್ನಾದರೂ ಹಾಕು ಎನ್ನುವವೇ. ಸುಮ್ಮನಿರು ಎಂದು ಹೇಳುವ ವೈದ್ಯರು ಸಿಗುವುದೇ ಇಲ್ಲ. ಆ ಲೆಕ್ಕದಲ್ಲಿ ದೃಷ್ಟಿ ತೆಗೆಯುವುದೇ ಗಿಡಕ್ಕೆ ಎಲ್ಲಕ್ಕಿಂತ ಕ್ಷೇಮ. ಅದರಿಂದ ಬೇರಿಗೆ ಅಪಾಯವಿಲ್ಲ.

ಅಷ್ಟಕ್ಕೂ ಎಲೆ ಜೋಲುವುದೇಕೆ? ಎಲೆಗೆ ಮೂಳೆ ಇಲ್ಲ. ಮರಕ್ಕಾದರೆ ಕಟ್ಟಿಗೆಯ ಬಲವಿದೆ, ಮನೆಯೊಳಗಿನ ಮೆತ್ತನೆಯ ಗಿಡಗಳಿಗೆ ಅದೂ ಇಲ್ಲ. ಜೀವಕೋಶದೊಳಗೆ ತುಂಬಿದ ನೀರು ಕೋಶದ ಗೋಡೆಯನ್ನು ಒಳಗಿನಿಂದ ಒತ್ತುತ್ತದೆ, ಆ ಒತ್ತಡದಲ್ಲೇ ಅವು ನೆಟ್ಟಗೆ ನಿಂತಿರುತ್ತವೆ. ಇತ್ತ ಎಲೆಯ ಪತ್ರರಂಧ್ರಗಳಿಂದ ಹಗಲೆಲ್ಲ ನೀರು ಆವಿಯಾಗಿ ಹೋಗುತ್ತಲೇ ಇರುತ್ತದೆ. ಹೈಸ್ಕೂಲಿನಲ್ಲಿ ಬಾಷ್ಪವಿಸರ್ಜನೆ ಎಂದು ಬಾಯಿಪಾಠ ಮಾಡಿ, ಪರೀಕ್ಷೆ ಮುಗಿದ ಮಧ್ಯಾಹ್ನವೇ ಮರೆತದ್ದು ಇದನ್ನೇ. ಬೇರು ಹೀರಿದ ನೀರಿನಲ್ಲಿ ನೂರಕ್ಕೆ 95ಕ್ಕೂ ಹೆಚ್ಚು ಪಾಲು ಹೀಗೆ ಗಾಳಿಗೆ ಹೋಗುತ್ತದೆ. ಬರುವುದಕ್ಕಿಂತ ಹೋಗುವುದು ಹೆಚ್ಚಾದರೆ ಒತ್ತಡ ಇಳಿಯುತ್ತದೆ, ಎಲೆ ಜೋಲುತ್ತದೆ. ಅಂದರೆ ಜೋತುಬಿದ್ದ ಎಲೆ ಹೇಳುತ್ತಿರುವುದು 'ನನ್ನ ತನಕ ನೀರು ಬರುತ್ತಿಲ್ಲ' ಎಂದಷ್ಟೆ. ಕುಂಡದಲ್ಲಿ ನೀರಿಲ್ಲ ಎಂದು ಅದು ಹೇಳಿಯೇ ಇಲ್ಲ. ಆ ಎರಡನೆಯ ಮಾತನ್ನು ನಾವೇ ಸೇರಿಸಿಕೊಂಡು ಮಗ್ ಎತ್ತಿಕೊಳ್ಳುತ್ತೇವೆ.

ನೀರಿನ ಈ ಲೆಕ್ಕವನ್ನು ತಕ್ಕಡಿಗೆ ಹಾಕಿ ನೋಡಿದವನು ಒಬ್ಬ ಪಾದ್ರಿ. ಇಂಗ್ಲೆಂಡಿನ ಟೆಡಿಂಗ್ಟನ್ನಿನಲ್ಲಿದ್ದ ಸ್ಟೀಫನ್ ಹೇಲ್ಸ್. ಚರ್ಚಿನ ಕೆಲಸ ಮುಗಿದ ಮೇಲೆ ಕಂಡದ್ದನ್ನೆಲ್ಲ ಅಳೆಯುವುದು ಅವನ ಚಟ. ಕುದುರೆಯ ರಕ್ತನಾಳಕ್ಕೆ ಗಾಜಿನ ಕೊಳವೆ ಸಿಕ್ಕಿಸಿ ರಕ್ತದ ಒತ್ತಡ ಅಳೆದ ಪುಣ್ಯಾತ್ಮನೂ ಇವನೇ. ಈತ ಕುಂಡದಲ್ಲಿದ್ದ ಸೂರ್ಯಕಾಂತಿ ಗಿಡವೊಂದನ್ನು ತೆಗೆದುಕೊಂಡು, ಮಣ್ಣಿನ ತೇವ ಮೇಲಿಂದ ಆರದಂತೆ ಕುಂಡದ ಬಾಯಿಗೆ ಸೀಸದ ತಗಡು ಮುಚ್ಚಿ, ಬೆಳಗ್ಗೆ ಒಮ್ಮೆ ಸಂಜೆ ಒಮ್ಮೆ ತೂಗಿದ. ಹಗಲಿನ ಹನ್ನೆರಡು ಗಂಟೆಯಲ್ಲಿ ಗಿಡ ಸರಾಸರಿ ಅರ್ಧ ಕಿಲೋಗೂ ಮಿಕ್ಕಿ ನೀರನ್ನು ಗಾಳಿಗೆ ಬಿಡುತ್ತಿತ್ತು, ರಾತ್ರಿ ಬಿಡುತ್ತಿದ್ದುದು ತೀರ ಕಡಿಮೆ. ಇದನ್ನೆಲ್ಲ 1727ರಲ್ಲಿ 'ವೆಜಿಟೆಬಲ್ ಸ್ಟ್ಯಾಟಿಕ್ಸ್' ಎಂಬ ಪುಸ್ತಕದಲ್ಲಿ ಅಚ್ಚು ಹಾಕಿಸಿದ. ದಿನಾ ಹೂವಿನ ಗಿಡ ಹೊತ್ತು ತಕ್ಕಡಿಯ ಕಡೆ ನಡೆಯುವ ಪಾದ್ರಿಯನ್ನು ನೋಡಿ ಊರಿನವರು ಏನಂದುಕೊಂಡಿದ್ದರೋ ಪುಸ್ತಕದಲ್ಲಿಲ್ಲ.

ಮುನ್ನೂರು ವರ್ಷ ಆಗುತ್ತ ಬಂದರೂ ಗಿಡದ ಬಾಯಾರಿಕೆ ತಿಳಿಯಲು ಹೇಲ್ಸನ ದಾರಿಗಿಂತ ಒಳ್ಳೆಯದು ನನಗೆ ಕಂಡಿಲ್ಲ. ತಕ್ಕಡಿ ಬೇಡ, ಕೈ ಸಾಕು. ನೀರು ಹಾಕಿದ ದಿನ ಕುಂಡವನ್ನು ಒಮ್ಮೆ ಎತ್ತಿ ನೋಡಿ, ಆಮೇಲೆ ಮೂರ್ನಾಲ್ಕು ದಿನ ಬಿಟ್ಟು ಮತ್ತೆ ಎತ್ತಿ. ಒಂದೆರಡು ವಾರದಲ್ಲಿ ಕೈಗೇ ತೂಕ ತಿಳಿಯುತ್ತದೆ. ಎತ್ತಲಾಗದಷ್ಟು ದೊಡ್ಡ ಕುಂಡವಾದರೆ ತೋರುಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿನೊಳಗೆ ಇಳಿಸಿ. ಮೇಲ್ಮಣ್ಣು ನೋಡಿ ಮೋಸ ಹೋಗಬೇಡಿ. ಮೇಲೆ ಒಣಗಿ ಬಿರಿದಿದ್ದು ಒಳಗೆ ಕೆಸರಾಗಿರುವುದುಂಟು. ಉಗುರಿನ ಸಂದಿಗೆ ಮಣ್ಣು ಸೇರುತ್ತದೆ ಎನ್ನುವವರು ಇಡ್ಲಿ ಬೆಂದಿದೆಯೋ ನೋಡುವ ಕಡ್ಡಿ ಚುಚ್ಚಿ ತೆಗೆಯಬಹುದು. ಆ ಕಡ್ಡಿಯನ್ನು ಮತ್ತೆ ಅಡುಗೆಮನೆಗೆ ಒಯ್ಯಬೇಡಿ ಅಷ್ಟೆ.

ಈಗ ಅಸಲು ವಿಷಯಕ್ಕೆ ಬರೋಣ. ಬೆರಳು ಇಳಿಸಿದಿರಿ, ಮಣ್ಣು ಒದ್ದೆಯಾಗಿದೆ, ಕುಂಡ ಭಾರವಾಗಿದೆ, ಎಲೆ ಮಾತ್ರ ಜೋತುಬಿದ್ದಿದೆ. ನೀರಿನಲ್ಲೇ ನಿಂತ ಗಿಡ ನೀರಿಲ್ಲದೆ ಸಾಯುವುದು ಹೇಗೆ? ಬೇರಿಗೂ ಉಸಿರಾಟವಿದೆ. ಮಣ್ಣಿನ ಕಣಗಳ ನಡುವಿನ ಸಂದಿಯಲ್ಲಿರುವ ಗಾಳಿಯಿಂದ ಅದು ಆಮ್ಲಜನಕ ತೆಗೆದುಕೊಳ್ಳಬೇಕು. ನಾವು ದಿನಾ ಹುಯ್ದ ನೀರು ಆ ಸಂದಿಗಳನ್ನೆಲ್ಲ ತುಂಬಿಬಿಟ್ಟರೆ ಬೇರಿಗೆ ಉಸಿರು ಕಟ್ಟುತ್ತದೆ, ನೀರು ಹೀರುವ ಶಕ್ತಿ ಹೋಗುತ್ತದೆ. ಅದರ ಮೇಲೆ ಒದ್ದೆಗೆ ಕಾದು ಕುಳಿತ ಶಿಲೀಂಧ್ರಗಳು ಬೇರನ್ನು ಕೊಳೆಸಲು ಶುರುಮಾಡುತ್ತವೆ. ಬೇರು ಹೋದ ಮೇಲೆ ಸುತ್ತ ಎಷ್ಟು ನೀರಿದ್ದರೇನು? ಎಲೆಗೆ ಹನಿಯೂ ತಲುಪುವುದಿಲ್ಲ. ಎಲೆ ಜೋಲುವುದನ್ನು ನೋಡಿ ನಾವು ಇನ್ನೊಂದು ಮಗ್ ಹುಯ್ಯುತ್ತೇವೆ. ಮದುವೆ ಮನೆಯ ಪಂಕ್ತಿಯಲ್ಲಿ ಹೊಟ್ಟೆ ತುಂಬಿ ಎಲೆಗೆ ಎರಡೂ ಕೈ ಅಡ್ಡ ಹಿಡಿದವನಿಗೆ, "ಸಂಕೋಚ ಮಾಡ್ಕೋಬೇಡಿ ಭಾವ, ಇನ್ನೊಂದೇ ಹೋಳಿಗೆ" ಎಂದು ಬೆರಳ ಸಂದಿಯಲ್ಲೇ ತುಪ್ಪ ಸಮೇತ ಇಳಿಸುತ್ತಾರಲ್ಲ, ನಾವು ಗಿಡಕ್ಕೆ ಮಾಡುವುದೂ ಅದನ್ನೇ. ಭಾವ ಹೇಗೋ ಎದ್ದು ಕೈ ತೊಳೆಯಲು ಹೋಗುತ್ತಾನೆ. ಗಿಡಕ್ಕೆ ಆ ದಾರಿಯೂ ಇಲ್ಲ.

ಎರಡು ಬಗೆಯ ಬಾಡುವಿಕೆಗೂ ವ್ಯತ್ಯಾಸ ಕಂಡುಹಿಡಿಯುವುದು ಕಷ್ಟವೇನಲ್ಲ. ನಿಜವಾಗಿ ಬಾಯಾರಿದ ಗಿಡದ ಎಲೆ ತೆಳ್ಳಗಾಗಿರುತ್ತದೆ, ಅಂಚು ಒಣಗಿ ಮುಟ್ಟಿದರೆ ಪುಡಿಯಾಗುತ್ತದೆ, ಕುಂಡದ ಒಳಗೋಡೆಗೂ ಮಣ್ಣಿಗೂ ನಡುವೆ ಸಂದು ಬಿಟ್ಟಿರುತ್ತದೆ. ನೀರು ಹೆಚ್ಚಾದ ಗಿಡದಲ್ಲಿ ಬುಡದ ಎಲೆಗಳು ಮೊದಲು ಹಳದಿಯಾಗುತ್ತವೆ, ತೊಟ್ಟು ಮೆತ್ತಗಾಗುತ್ತದೆ, ಮಣ್ಣಿಗೆ ಮೋರಿಯ ವಾಸನೆ ಬರುತ್ತದೆ, ಕುಂಡದ ಸುತ್ತ ಗುಂಗುರುಗಳಂಥ ಸಣ್ಣ ಕಪ್ಪು ನೊಣ ಹಾರಾಡುತ್ತವೆ. ಬಾಯಾರಿದ ಪೀಸ್ ಲಿಲಿಗೆ ನೀರು ಕೊಟ್ಟರೆ ಕೆಲವೇ ಗಂಟೆಗಳಲ್ಲಿ ಏನೂ ಆಗಿಲ್ಲವೆಂಬಂತೆ ಎದ್ದು ನಿಲ್ಲುತ್ತದೆ. ನಾಟಕದಲ್ಲಿ ಅದನ್ನು ಮೀರಿಸುವ ಗಿಡ ನಾನು ಕಂಡಿಲ್ಲ. ಮಾರನೆಯ ಬೆಳಗಾದರೂ ಏಳದಿದ್ದರೆ ತೊಂದರೆ ಬೇರಿನಲ್ಲಿದೆ ಎಂದೇ ಲೆಕ್ಕ.

ಕೊಕೊಪಿಟ್ ತುಂಬಿದ ಕುಂಡದ್ದು ಇನ್ನೊಂದು ತರಲೆ. ತೆಂಗಿನ ನಾರಿನ ಆ ಪುಡಿ ಪೂರ್ತಿ ಒಣಗಿತೆಂದರೆ ನೀರನ್ನು ಒಮ್ಮೆಲೇ ಹೀರಿಕೊಳ್ಳುವುದಿಲ್ಲ. ಮೇಲಿಂದ ಹುಯ್ದದ್ದು ಅಂಚಿನ ಸಂದಿನಲ್ಲಿ ಇಳಿದು ಕೆಳಗಿನ ತಟ್ಟೆಗೆ ಬರುತ್ತದೆ. ತಟ್ಟೆ ತುಂಬಿತಲ್ಲ ಎಂದು ನಾವು ಸಮಾಧಾನಪಡುತ್ತೇವೆ, ನಡುವಿನ ಬೇರು ಒಣಗಿಯೇ ಇರುತ್ತದೆ. ಆಗ ಕುಂಡವನ್ನೇ ಒಂದು ಬಕೆಟ್ ನೀರಿನಲ್ಲಿ ಅರ್ಧ ಗಂಟೆ ಕೂರಿಸಿ, ತೆಗೆದು, ನೀರು ಪೂರ್ತಿ ಬಸಿದುಹೋಗಲು ಬಿಡಬೇಕು.

ಯಾವ ಗಿಡ ಎಲ್ಲಿಂದ ಬಂದದ್ದು ಎಂದು ತಿಳಿದಿದ್ದರೆ ಅರ್ಧ ವೈದ್ಯ ಮುಗಿದಂತೆ. ಜೀಜೀ ಪ್ಲಾಂಟ್ ಎಂದು ಆಫೀಸುಗಳಲ್ಲಿ ಇಡುತ್ತಾರಲ್ಲ, ಅದು ಪೂರ್ವ ಆಫ್ರಿಕಾದ್ದು. ಮಳೆಯಿಲ್ಲದ ತಿಂಗಳುಗಳಿಗೆಂದು ಮಣ್ಣಿನೊಳಗಿನ ಗೆಡ್ಡೆಯಲ್ಲೇ ನೀರು ಕೂಡಿಟ್ಟುಕೊಳ್ಳುವ ಮಿತವ್ಯಯಿ. ಅದು ಜೋತುಬಿದ್ದರೆ ನೀರು ಹೆಚ್ಚಾಯಿತೆಂದೇ ಮೊದಲು ಅನುಮಾನಿಸಬೇಕು. ಅರೆಕಾ ಪಾಮ್ ಮಡಗಾಸ್ಕರಿನದು, ತೇವದ ಗಾಳಿ ಬೇಡುವ ಗಿಡ; ಎಸಿ ಎದುರು ನಿಲ್ಲಿಸಿದರೆ ಗರಿಯ ತುದಿ ಕಂದುತ್ತದೆ. ಮನಿಪ್ಲಾಂಟ್ ನಮ್ಮದೇ ಎನ್ನುವಷ್ಟು ಒಗ್ಗಿದ್ದರೂ ಪೆಸಿಫಿಕ್ ಸಾಗರದ ಮೊರಿಯಾ ಎಂಬ ದ್ವೀಪದ ಬಳ್ಳಿ. ಕದ್ದು ತಂದರೆ ಮಾತ್ರ ಚೆನ್ನಾಗಿ ಬರುತ್ತದೆ, ದುಡ್ಡು ಕೊಟ್ಟು ತಂದರೆ ಇಲ್ಲ ಎಂಬ ನಂಬಿಕೆ ನಮ್ಮ ಬಡಾವಣೆಗಳಲ್ಲಿ ಇನ್ನೂ ಗಟ್ಟಿಯಾಗಿದೆ. ಲಂಚ ಮುಟ್ಟದ, ಬಾಡಿಗೆ ಒಂದು ದಿನ ತಡಮಾಡದ ಸಭ್ಯ ಗೃಹಸ್ಥರು ಸಂಜೆ ಮಬ್ಬಿನಲ್ಲಿ ಪಕ್ಕದ ಕಾಂಪೌಂಡಿನಿಂದ ಮನಿಪ್ಲಾಂಟ್ ಚಿವುಟಿ ಜೇಬಿಗಿಳಿಸುವುದನ್ನು ಕಣ್ಣಾರೆ ಕಂಡಿದ್ದೇನೆ. ಕದ್ದದ್ದು ಬದುಕುವುದಕ್ಕೆ ನನಗೆ ತೋಚುವ ಕಾರಣ ಇಷ್ಟೇ: ಕದ್ದು ತಂದ ಬಳ್ಳಿಯನ್ನು ಹೆದರಿ ಒಂದು ಬಾಟಲಿ ನೀರಿಗೆ ಸಿಕ್ಕಿಸಿ ಮೂಲೆಗೆ ತಳ್ಳುತ್ತಾರೆ, ಆಮೇಲೆ ಯಾರೂ ಅದರ ತಂಟೆಗೆ ಹೋಗುವುದಿಲ್ಲ.

ತುಳಸಿಯ ಕಷ್ಟವೇ ಬೇರೆ. ಊರಿನ ಮನೆಯ ತುಳಸಿಕಟ್ಟೆಯಲ್ಲಿ ಆಳವಾದ ಮಣ್ಣು, ಮೇಲೆ ಆಕಾಶ, ದಿನವಿಡೀ ಬಿಸಿಲು. ಚೊಂಬು ನೀರು ಹುಯ್ದರೆ ಎಲ್ಲೋ ಇಂಗಿಹೋಗುತ್ತಿತ್ತು. ಅದೇ ತುಳಸಿ ಈಗ ಫ್ಲ್ಯಾಟಿನ ಬಾಲ್ಕನಿಯಲ್ಲಿ, ಕಬ್ಬಿಣದ ಜಾಲರಿಯ ಹಿಂದೆ, ಒಂದು ಸೇರು ಮಣ್ಣು ಹಿಡಿಯುವ ಪ್ಲಾಸ್ಟಿಕ್ ಕುಂಡದಲ್ಲಿ ನಿಂತಿದೆ. ಚೊಂಬು ಮಾತ್ರ ಹಳೆಯದೇ! ಆಷಾಢದ ಜಡಿಮಳೆಯಲ್ಲೂ ಅತ್ತೆಯವರದ್ದೊಂದು ಚೊಂಬು, ಸ್ನಾನ ಮುಗಿಸಿ ಬಂದ ಮಾವನವರದ್ದೊಂದು. ಶುಕ್ರವಾರ ಹಾಲು ಬೇರೆ. ಧನುರ್ಮಾಸದ ಚಳಿ ಬಂದಾಗ ಎಲೆ ಬಾಡಿ ಉದುರುತ್ತದೆ. ಚಳಿ ತುಳಸಿಗೆ ಮೊದಲೇ ಆಗದು, ತಣ್ಣಗಿನ ಒದ್ದೆ ಮಣ್ಣಂತೂ ಆಗಲೇ ಆಗದು. ತೆನೆಯನ್ನು ಚಿವುಟದೆ ಬೀಜ ಕಟ್ಟಲು ಬಿಟ್ಟರೂ ಗಿಡ ಸೊರಗುತ್ತದೆ, ಬೀಜವಾದ ಮೇಲೆ ತನ್ನ ಕೆಲಸ ಮುಗಿಯಿತೆಂಬುದು ಅದರ ಲೆಕ್ಕ. ಅತ್ತೆಯವರಿಗೆ ನೀರು ಕಡಿಮೆ ಮಾಡಿ ಎಂದು ನೇರವಾಗಿ ಹೇಳಲು ನನಗೆ ಧೈರ್ಯವಿಲ್ಲ. ಚೊಂಬಿನ ಜಾಗದಲ್ಲಿ ಪಂಚಪಾತ್ರೆ ಉದ್ಧರಣೆ ಇಟ್ಟೆ. ಮೂರು ಉದ್ಧರಣೆ ನೀರು, ಮಂತ್ರವೂ ಪೂರ್ತಿ, ತುಳಸಿಯೂ ಕ್ಷೇಮ. ಬೇಸಿಗೆ ಬಂದ ಮೇಲೆ ಚೊಂಬು ಮರಳಿ ಬರುತ್ತದೆ.

ಕೆಲವು ಬಾಡುವಿಕೆಗೆ ಔಷಧವೇ ಬೇಡ. ಹಿತ್ತಲಿದ್ದವರಿಗೆ ಗೊತ್ತು: ಮಾರ್ಚಿ ತಿಂಗಳ ಮಧ್ಯಾಹ್ನ ಕುಂಬಳದ ಬಳ್ಳಿಯ ಎಲೆಗಳೆಲ್ಲ ಜೋತುಬಿದ್ದಿರುತ್ತವೆ. ಬುಡ ತೇವವಾಗಿದ್ದರೆ ಅಜ್ಜಿ ಅತ್ತ ನೋಡುತ್ತಲೂ ಇರಲಿಲ್ಲ, ಬಿಸಿಲು ಇಳಿದರೆ ತಾವೇ ಏಳುತ್ತವೆ. ಬಿಸಿಲಿನ ಹೊತ್ತಿನಲ್ಲಿ ಬೇರು ಕಳಿಸುವುದಕ್ಕಿಂತ ಎಲೆ ಬಿಡುವುದೇ ಹೆಚ್ಚಾಗಿರುತ್ತದೆ, ಅಷ್ಟೆ. ಆದ್ದರಿಂದ ಮಧ್ಯಾಹ್ನ ಎರಡು ಗಂಟೆಗೆ ಗಿಡದ ರೋಗ ನಿರ್ಣಯಿಸಬೇಡಿ. ಬೆಳಗ್ಗೆ ಎದ್ದು ನೋಡಿ. ಬೆಳಗ್ಗೆಯೂ ಬಾಡಿದ್ದರೆ ಅದು ಯೋಚಿಸುವ ವಿಷಯ. ಇನ್ನು ರಾತ್ರಿ ಎಲೆ ಮಡಿಸುವ ಜಾತಿಗಳಿವೆ. ಹುಣಸೆ ಮಡಿಸುತ್ತದೆ, ಬೆಂಗಳೂರಿನ ರಸ್ತೆ ಬದಿಯ ಮಳೆಮರ ಮಡಿಸುತ್ತದೆ, ಮುಟ್ಟಿದರೆ ಮುನಿಯಂತೂ ಸರಿಯೇ. ಮುಟ್ಟಿದರೆ ಮುನಿಯಂಥ ಗಿಡವೊಂದನ್ನು ಕತ್ತಲಲ್ಲಿಟ್ಟರೂ ಅದು ಹಗಲಿನ ಹೊತ್ತಿಗೆ ಎಲೆ ಬಿಚ್ಚಿ ರಾತ್ರಿಯ ಹೊತ್ತಿಗೆ ಮಡಿಸುತ್ತದೆಂದು 1729ರಲ್ಲೇ ಡಿ ಮೈರಾನ್ ಎಂಬ ಫ್ರೆಂಚ್ ವಿಜ್ಞಾನಿ ತೋರಿಸಿದ್ದ. ಮಲಗಿದ ಗಿಡವನ್ನು ಎಬ್ಬಿಸಿ ನೀರು ಕುಡಿಸುವ ಅಗತ್ಯವಿಲ್ಲ.

ಲಾಲ್‌ಬಾಗಿಗೂ ಬಾಡಿದ ಎಲೆಗೂ ಒಂದು ಸಂಬಂಧವಿದೆ. 1760ರಲ್ಲಿ ಹೈದರಾಲಿ ಶುರುಮಾಡಿಸಿದ ಆ ತೋಟದಲ್ಲಿ ಸ್ವಾತಂತ್ರ್ಯ ದಿನ, ಗಣರಾಜ್ಯ ದಿನಗಳ ಹೊತ್ತಿಗೆ ಫಲಪುಷ್ಪ ಪ್ರದರ್ಶನ ನಡೆದಾಗಲೆಲ್ಲ ಮಾರನೆಯ ವಾರ ನಗರದ ಎಷ್ಟೋ ಮನೆಗಳಲ್ಲಿ ಹೊಸ ಗಿಡಗಳು ತಲೆ ತಗ್ಗಿಸುತ್ತವೆ. ನರ್ಸರಿಯ ಹಸಿರು ಪರದೆಯ ಕೆಳಗೆ, ಅಕ್ಕಪಕ್ಕ ಒತ್ತಾಗಿ, ತೇವದಲ್ಲಿ ಬೆಳೆದ ಗಿಡ ಅದು. ಆಟೋದ ಗಾಳಿಗೆ ಒಡ್ಡಿಕೊಂಡು ಮನೆ ಸೇರಿದ ದಿನವೇ ಕವರು ಹರಿದು, ಬೇರು ಕೊಡವಿ, ಹೊಸ ಕುಂಡಕ್ಕೆ ಹಾಕಿ, ಮೇಲೊಂದು ಮುಷ್ಟಿ ಗೊಬ್ಬರ ಚೆಲ್ಲಿದರೆ ಬಾಡದೆ ಏನು ಮಾಡೀತು? ಒಂದೆರಡು ವಾರ ಬಂದ ಕವರಿನಲ್ಲೇ ನೆರಳಿನಲ್ಲಿರಲಿ. "ಇದು ಒಳಗೆ ಬರುತ್ತಾ ಅಣ್ಣ?" ಎಂದು ಕೇಳಿದರೆ ನರ್ಸರಿಯವನು, "ಒಳಗೂ ಬರುತ್ತೆ, ಹೊರಗೂ ಬರುತ್ತೆ, ಏನೂ ಆಗಲ್ಲ ತಗೊಳ್ಳಿ ಅಮ್ಮಾ" ಎನ್ನುತ್ತಾನೆ. ಆ 'ಏನೂ ಆಗಲ್ಲ' ಎನ್ನುವುದನ್ನು ಪೂರ್ತಿ ನಂಬಬೇಡಿ.

ಸಣ್ಣಪುಟ್ಟ ಅಪರಾಧಿಗಳು ಇನ್ನೂ ಇವೆ. ಬೋರ್‌ವೆಲ್ ನೀರು ಹಾಕುವ ಮನೆಯಾದರೆ ಕುಂಡದ ಅಂಚಿನಲ್ಲಿ ಬಿಳಿ ಉಪ್ಪು ಕಟ್ಟುತ್ತದೆ. ಉಪ್ಪು ಹೆಚ್ಚಾದ ಮಣ್ಣಿನಿಂದ ಬೇರಿಗೆ ನೀರೆಳೆಯಲು ಆಗದು. ಆಗೊಮ್ಮೆ ಈಗೊಮ್ಮೆ ಮಳೆನೀರನ್ನೋ ಕಾವೇರಿ ನೀರನ್ನೋ ಧಾರಾಳವಾಗಿ ಹಾಯಿಸಿ ತಳದಿಂದ ಹರಿಯಲು ಬಿಟ್ಟರೆ ಉಪ್ಪು ತೊಳೆದುಹೋಗುತ್ತದೆ. ಡಿಎಪಿ ಗೊಬ್ಬರದ ಕಾಳು ಹೆಚ್ಚಾದರೂ ಇದೇ ಕಥೆ. ತೊಟ್ಟಿನ ಸಂದಿಯಲ್ಲಿ ಬಿಳಿ ಹತ್ತಿಯಂಥದ್ದು ಕಂಡರೆ ಹಿಟ್ಟು ತಿಗಣೆ. ಒಂದು ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆ, ಎರಡು ಹನಿ ಪಾತ್ರೆ ತೊಳೆಯುವ ಸೋಪು ಬೆರೆಸಿ ಸಂಜೆ ಹೊತ್ತು ಸಿಂಪಡಿಸಿ.

ಬೇರು ಕೊಳೆತ ಗಿಡಕ್ಕೆ ಮಾತ್ರ ಶಸ್ತ್ರಚಿಕಿತ್ಸೆಯೇ ಆಗಬೇಕು. ಕುಂಡ ಬೋರಲು ಹಾಕಿ ಗಿಡವನ್ನು ಮೆಲ್ಲಗೆ ಈಚೆಗೆ ತೆಗೆಯಿರಿ. ಬೆಳ್ಳಗೆ ಗಟ್ಟಿಯಾಗಿರುವ ಬೇರು ಜೀವಂತ. ಕಂದಾಗಿ, ಹಿಚುಕಿದರೆ ಸಿಪ್ಪೆ ಕಳಚಿ ಕೈಗೆ ಬರುವುದು ಸತ್ತದ್ದು; ಅದನ್ನು ಶುದ್ಧವಾದ ಕತ್ತರಿಯಿಂದ ನಿರ್ದಾಕ್ಷಿಣ್ಯವಾಗಿ ಕತ್ತರಿಸಿ. ಬೇರು ಕಡಿಮೆಯಾದಷ್ಟೂ ಒಂದಷ್ಟು ಎಲೆಯನ್ನೂ ತೆಗೆಯಿರಿ, ಉಳಿದ ಬೇರಿಗೆ ಹೊರೆ ಇಳಿಯುತ್ತದೆ. ಬರೀ ಕೆಮ್ಮಣ್ಣು ತುಂಬಬೇಡಿ, ಅದು ಒಣಗಿ ಗಟ್ಟಿಯಾದರೆ ಗಾಳಿಯಾಡುವುದಿಲ್ಲ. ಕೊಕೊಪಿಟ್, ಎರೆಹುಳು ಗೊಬ್ಬರ, ದಪ್ಪ ಮರಳು ಬೆರೆಸಿ ಹಗುರ ಮಾಡಿ. ಹೊಸ ಕುಂಡ ಹಳೆಯದಕ್ಕಿಂತ ದೊಡ್ಡದಾಗಬಾರದು. ಬೇರಿಲ್ಲದ ಕಡೆಯ ಮಣ್ಣು ತೇವ ಹಿಡಿದುಕೊಂಡು ಮತ್ತೆ ಕೊಳೆಸುತ್ತದೆ. ಹೊಸ ಚಿಗುರು ಕಾಣುವ ತನಕ ಮತ್ತೆ ಗೊಬ್ಬರದ ಹೆಸರೆತ್ತಬೇಡಿ. ಬೇರು ಪೂರ್ತಿ ಹೋಗಿದ್ದರೆ, ಮನಿಪ್ಲಾಂಟಿನಂಥ ಬಳ್ಳಿಯಾದರೆ, ಒಂದು ಗೆಣ್ಣು ಇರುವ ತುಂಡು ಕತ್ತರಿಸಿ ನೀರಿನಲ್ಲಿಡಿ, ಗೆಣ್ಣಿನಿಂದ ಬೇರೊಡೆಯುತ್ತದೆ. ಗೆಣ್ಣಿಲ್ಲದ ಬರೀ ಎಲೆ ಇಟ್ಟು ಕಾಯುವವರು ಕಾಯುತ್ತಲೇ ಇರಬೇಕಾಗುತ್ತದೆ.

ಇಷ್ಟೆಲ್ಲ ಬರೆಯಲು ಕಾರಣವಾದದ್ದು ಮೊನ್ನೆ ಕಂಡ ಒಂದು ಸಮಾರಂಭ. ಹಾರ ತುರಾಯಿ ಬೇಡ, ದೀಪ ಹಚ್ಚುವುದೂ ಬೇಡ, ಗಿಡಕ್ಕೆ ನೀರೆರೆಯುವ ಮೂಲಕ ಕಾರ್ಯಕ್ರಮಕ್ಕೆ ಚಾಲನೆ ಕೊಡೋಣ ಎಂಬುದು ಈಗ ನಮ್ಮಲ್ಲಿ ಎಲ್ಲ ಕಡೆ ಬಂದಿರುವ ಪದ್ಧತಿ. ಒಳ್ಳೆಯ ಪದ್ಧತಿಯೇ. ಆದರೆ ವೇದಿಕೆಯ ಮೇಲಿನ ಆ ಒಂದು ಪುಟ್ಟ ಗಿಡಕ್ಕೆ ಉದ್ಘಾಟಕರು ನೀರೆರೆದರು, ಅಧ್ಯಕ್ಷರು ಎರೆದರು, ಮುಖ್ಯ ಅತಿಥಿಗಳು ಎರೆದರು. ದಾನಿಗಳನ್ನು ಬಿಡುವ ಹಾಗಿಲ್ಲ, ಅವರೂ ಎರೆದರು. ಫೋಟೋದವನು "ಸಾರ್, ಇನ್ನೊಂದ್ಸಲ, ಈ ಕಡೆ ನೋಡಿ" ಎಂದಾಗ ಎಲ್ಲರೂ ಒಟ್ಟಿಗೆ ಚೊಂಬಿಗೆ ಕೈ ಹಾಕಿ ಮತ್ತೊಮ್ಮೆ ಎರೆದರು. ಕುಂಡ ಹೊಳೆಯುವ ಪಿಂಗಾಣಿಯದು, ತಳದಲ್ಲಿ ತೂತೇ ಇಲ್ಲ. ನೀರು ಅಂಚು ಮೀರಿ ನಿರೂಪಕಿಯ ಸೀರೆಯ ನೆರಿಗೆಯವರೆಗೆ ಹರಿಯಿತು. ಸಂಜೆ ಅದೇ ಕುಂಡವನ್ನು ಶಾಲಿನ ಜೊತೆ ಮುಖ್ಯ ಅತಿಥಿಗಳ ಕಾರಿಗಿಟ್ಟು ಕಳಿಸಿದರು.

ಸಮಾರಂಭ ಏರ್ಪಡಿಸುವವರಲ್ಲಿ ನನ್ನದೊಂದು ವಿನಂತಿ. ನೀರನ್ನು ಉದ್ಘಾಟಕರೊಬ್ಬರೇ ಎರೆಯಲಿ, ಉಳಿದ ಗಣ್ಯರು ಚಪ್ಪಾಳೆ ತಟ್ಟಲಿ. ಕುಂಡದ ತಳದಲ್ಲಿ ತೂತು ಇದೆಯೋ ಇಲ್ಲವೋ ಎನ್ನುವುದನ್ನು ಸ್ವಾಗತ ಭಾಷಣಕ್ಕೆ ಮೊದಲೇ ಯಾರಾದರೂ ಎತ್ತಿ ನೋಡಿಬಿಡಿ.